ಕೋಳಿ, ಬೆಕ್ಕು ಕಾಯುವುದನ್ನು ನಾಯಿಗೆ ಕಲಿಸುವುದು ಹೇಗೆ

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಹಿತ್ತಿಲು ದಾಟಿದರೆ ತೋಟ, ತೋಟ ದಾಟಿದರೆ ಕಾಡು. ಹಗಲು ಮುಂಗುಸಿ, ಗಿಡುಗ. ರಾತ್ರಿ ಕಾಡುಬೆಕ್ಕು, ಪುನುಗು, ಹೆಬ್ಬಾವು, ಕೆಲವೊಮ್ಮೆ ಚಿರತೆ. ಇವುಗಳ ನಡುವೆ ನಮ್ಮ ಕೋಳಿ, ಬೆಕ್ಕು, ಎಳೆಗರುಗಳಿಗೆ ಕಾವಲು ಅಂದರೆ ಕೆಂಪಿ. ನಾಟಿ ಹೆಣ್ಣುನಾಯಿ. ಅದಕ್ಕೆ ಇದೆಲ್ಲ ಹೇಗೆ ಕಲಿಸಿದಿರಿ ಅಂತ ತುಂಬಾ ಜನ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾಯಿ ಯಾರ ಜೊತೆಗೂ ಕಾದಾಡಬೇಕಿಲ್ಲ. ಅಪಾಯ ಬಂದಿದೆ ಅಂತ ಕೂಗಿ ಹೇಳಿದರೆ ಸಾಕು, ಎದ್ದು ಹೋಗುವುದು ನಮ್ಮ ಕೆಲಸ. ನಾಯಿ ಓಡಾಡುವ ಜಾಗಕ್ಕೆ ಸಣ್ಣಪುಟ್ಟ ಬೇಟೆ ಪ್ರಾಣಿಗಳು ಬರಲು ಅಂಜುತ್ತವೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಪಕ್ಕ ಮಿಡಲ್ ಐಲೆಂಡ್ ಅಂತ ಒಂದು ಪುಟ್ಟ ದ್ವೀಪ ಇದೆ. ಸಮುದ್ರ ಇಳಿದಾಗ ನರಿಗಳು ದಾಟಿ ಬಂದು ಅಲ್ಲಿನ ಪೆಂಗ್ವಿನ್‌ಗಳನ್ನು ಕೊಲ್ಲುತ್ತಿದ್ದವು. 2005ರ ಹೊತ್ತಿಗೆ ಹತ್ತು ಪೆಂಗ್ವಿನ್ ಕೂಡ ಉಳಿದಿರಲಿಲ್ಲ. 2006ರಲ್ಲಿ ಮರೆಮ್ಮಾ ಅನ್ನುವ, ಇಟಲಿಯ ಕುರಿ ಕಾಯುವ ನಾಯಿಗಳನ್ನು ಅಲ್ಲಿ ಕಾವಲಿಗೆ ಬಿಟ್ಟರು. ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಆ ಉಪಾಯ ಹೇಳಿದ್ದು ಅದೇ ಜಾತಿಯ ನಾಯಿಯಿಂದ ಕೋಳಿ ಕಾಯಿಸುತ್ತಿದ್ದ ಒಬ್ಬ ರೈತ!

ಮುಧೋಳ ನಾಯಿ ತರಬಹುದಾ ಅಂತ ಕೇಳುವವರಿದ್ದಾರೆ. ಚೆಂದದ ನಾಯಿ, ನಮ್ಮದೇ ನಾಡಿನದು. ಆದರೆ ಓಡುವ ಪ್ರಾಣಿಯನ್ನು ಕಂಡ ಕೂಡಲೇ ಬೆನ್ನಟ್ಟಲಿ ಅಂತಲೇ ಬೆಳೆಸಿದ ತಳಿ ಅದು. ರೆಕ್ಕೆ ಬಡಿಯುತ್ತಾ ಓಡುವ ಕೋಳಿಯ ಎದುರು ಸುಮ್ಮನಿರು ಅಂದರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ. ನಾಟಿ ಮರಿಯನ್ನೇ ತನ್ನಿ. ಕೋಳಿಗಳ ನಡುವೆ ತಣ್ಣಗೆ ಮಲಗುವ ತಾಯಿಯ ಮರಿಯಾದರೆ ಇನ್ನೂ ಒಳ್ಳೆಯದು. ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬೇಡಿ.

ಮೂರು ತಿಂಗಳು ತುಂಬುವವರೆಗಿನ ದಿನಗಳೇ ಮುಖ್ಯ. ಯಾರು ಮನೆಯವರು, ಯಾರು ಹೊರಗಿನವರು ಅಂತ ಮರಿ ತಿಳಿದುಕೊಳ್ಳುವ ಕಾಲ ಅದು. ಮರಿಯ ಗೋಣಿಚೀಲವನ್ನು ಕೋಳಿಗೂಡಿನ ಪಕ್ಕದಲ್ಲೇ ಹಾಸಿ. ನಡುವೆ ತಂತಿ ಬಲೆ ಇರಲಿ. ಒಂದರ ವಾಸನೆ, ಸದ್ದು ಇನ್ನೊಂದಕ್ಕೆ ರೂಢಿಯಾಗಬೇಕು. ಆಮೇಲೆ ಕೊರಳಿಗೆ ಹಗ್ಗ ಹಾಕಿ, ಕೋಳಿಗೆ ಅಕ್ಕಿನುಚ್ಚು ಹಾಕುವಾಗ ಜೊತೆಗೆ ಕರೆದುಕೊಂಡು ಹೋಗಿ. ಕೋಳಿ ನೋಡಿಯೂ ಸುಮ್ಮನೆ ಕೂತಿತು ಅಂದರೆ ಆ ಕ್ಷಣವೇ ತಲೆ ಸವರಿ, ಒಂದು ಚೂರು ತಿಂಡಿ ಕೊಡಿ. ಕಿವಿ ನಿಮಿರಿಸಿ ದಿಟ್ಟಿಸತೊಡಗಿದರೆ ‘ಬೇಡ’ ಅಂತ ಮೆಲ್ಲಗೆ ಹೇಳಿ ಬೇರೆ ಕಡೆ ತಿರುಗಿಸಿ. ನಾಯಿಯ ತಟ್ಟೆಯನ್ನು ಮಾತ್ರ ಕೋಳಿ ಬರದ ಜಾಗದಲ್ಲಿ ಇಡಿ. ಅನ್ನಕ್ಕೆ ಕೋಳಿ ಕೊಕ್ಕು ಹಾಕಿದಾಗಲೇ ಎಷ್ಟೋ ಸಲ ಕಚ್ಚಾಟ ಶುರುವಾಗುವುದು.

ಐದಾರು ತಿಂಗಳಿಂದ ವರ್ಷ ದಾಟುವವರೆಗೆ ಜಾಸ್ತಿ ಎಚ್ಚರ ಬೇಕು. ಆಟದ ವಯಸ್ಸು. ಅಟ್ಟಿಸಿಕೊಂಡು ಹೋಗಿ ಬಾಯಿ ಹಾಕಿದರೆ ಕೋಳಿಯ ಹೂಮರಿ ಉಳಿಯುವುದಿಲ್ಲ. ನೀವು ಇಲ್ಲದಾಗ ನಾಯಿ, ಕೋಳಿ ಎರಡನ್ನೂ ಒಟ್ಟಿಗೆ ಬಿಡಲೇಬೇಡಿ. ಕೋಳಿ ಕೊಂದ ನಾಯಿಯ ಕೊರಳಿಗೆ ಸತ್ತ ಕೋಳಿಯನ್ನೇ ಕಟ್ಟಿದರೆ ಬುದ್ಧಿ ಬರುತ್ತದೆ ಅಂತ ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನಾಯಿಗೆ ಅದರಿಂದ ಹಿಂಸೆ ಬಿಟ್ಟರೆ ಏನೂ ಆಗುವುದಿಲ್ಲ. ಮತ್ತೆ ಹಗ್ಗ ಹಾಕಿ, ಮೊದಲಿಂದ ಕಲಿಸಿ.

ಬೆಕ್ಕಿನ ವಿಷಯ ಸುಲಭ. ಹಾರಿ ಕೂರಲು ಎತ್ತರದ ಜಾಗ ಇರಲಿ, ನಾಯಿ ಹಗ್ಗದಲ್ಲಿರಲಿ, ಹತ್ತಿರ ಬರುವುದನ್ನು ಬೆಕ್ಕಿಗೇ ಬಿಡಿ.

ಇನ್ನು ಬೊಗಳು. ಇದನ್ನು ನಾವು ಕಲಿಯಬೇಕು. ದಾರಿಹೋಕರನ್ನು ಕಂಡಾಗಿನ ಬೊಗಳು ಬೇರೆ, ಒಂದೇ ಜಾಗ ನೋಡುತ್ತಾ ಹಿಂದೆ ಮುಂದೆ ಹೆಜ್ಜೆ ಹಾಕುವ ಬೊಗಳು ಬೇರೆ. ಎರಡನೆಯದು ಕೇಳಿದರೆ ಬ್ಯಾಟರಿ ಹಿಡಿದು ಎದ್ದು ಹೋಗಿ. ‘ಸುಮ್ನಿರೇ’ ಅಂತ ಒಳಗಿನಿಂದಲೇ ಗದರಿಸಬೇಡಿ. ನಮ್ಮ ಅತ್ತೆ ಈಗಲೂ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ನೋಡಿ ಬರುತ್ತಾರೆ. ತಾನು ಕರೆದರೆ ಜನ ಬರುತ್ತಾರೆ ಅಂತ ಗೊತ್ತಿರುವ ನಾಯಿ ತಾನೇ ಮುಂದೆ ನುಗ್ಗುವುದು ಕಡಿಮೆ.

ಹಾವು ಬಂದಾಗ ಇದು ಜೀವ ಉಳಿಸುತ್ತದೆ. ಅದಕ್ಕೇ ‘ಬಾ’ ಅಂದ ಕೂಡಲೇ ಏನಿದ್ದರೂ ಬಿಟ್ಟು ಬರುವುದನ್ನು ದಿನಾ ಅಭ್ಯಾಸ ಮಾಡಿಸಿ, ಬಂದಾಗ ತಪ್ಪದೆ ತಿಂಡಿ ಕೊಡಿ. ನಾಗರ, ಕೊಳಕುಮಂಡಲ ಕಂಡರೆ ನಾಯಿಯನ್ನು ಒಳಗೆ ಕೂಡಿ, ಹಾವು ಹಿಡಿಯಲು ಬಲ್ಲವರನ್ನು ಕರೆಸಿ. ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಆದಷ್ಟು ನಡೆಸದೆ ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿ. ನಮಗೆ ಕೊಡುವ ವಿಷನಿರೋಧಕ ಚುಚ್ಚುಮದ್ದನ್ನೇ ನಾಯಿಗೂ ಕೊಡುತ್ತಾರೆ. ಅದು ಎಲ್ಲಿ ಸಿಗುತ್ತದೆ ಅಂತ ಮಳೆಗಾಲಕ್ಕೆ ಮೊದಲೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ.

ಚಿರತೆಗೆ ಮಾತ್ರ ನಾಯಿ ಕಾವಲಲ್ಲ, ಬೇಟೆ. ಹಿಮಾಲಯದ ಗದ್ದಿ ಕುರಿಗಾಹಿಗಳು ತಮ್ಮ ದೊಡ್ಡ ನಾಯಿಗಳ ಕೊರಳಿಗೂ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ. ಹಾಗಿರುವಾಗ ನಮ್ಮ ನಾಟಿ ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವುದು ಯಾವ ನ್ಯಾಯ? ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಕತ್ತಲಾಗುವ ಮೊದಲೇ ಕೋಳಿ ಗೂಡಿಗೆ, ಕರು ಬಾಗಿಲಿರುವ ಕೊಟ್ಟಿಗೆಗೆ, ನಾಯಿ ಮನೆಯೊಳಗೆ. ಕೆಂಪಿ ಜಗಲಿಯ ಬಾಗಿಲ ಒಳಗೆ ಮಲಗುತ್ತದೆ. ಗೂಡಿನ ಕಡೆ ಸದ್ದಾದರೆ ಅಲ್ಲಿಂದಲೇ ಎಬ್ಬಿಸುತ್ತದೆ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ ಹಾಕಿಸಿ, ಬೂಸ್ಟರ್ ಯಾವಾಗ ಅಂತ ಡಾಕ್ಟರನ್ನು ಕೇಳಿ, ಆಮೇಲೆ ವರ್ಷ ವರ್ಷ ತಪ್ಪಿಸಬೇಡಿ. ಕಾಡುಪ್ರಾಣಿ ಕಚ್ಚಿದ್ದು ಸಣ್ಣ ಗಾಯವೇ ಆದರೂ ಚೆನ್ನಾಗಿ ಸೋಪು ನೀರಿನಲ್ಲಿ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ. ಎರಡನೇ ಮರಿ ತರುವ ಯೋಚನೆ ಇದ್ದರೆ ಹಳೆಯ ನಾಯಿ ಗಟ್ಟಿಯಾಗಿರುವಾಗಲೇ ತನ್ನಿ. ಕೋಳಿಯ ಹತ್ತಿರ ಹೇಗಿರಬೇಕು ಅಂತ ಅರ್ಧ ಪಾಠ ಅದೇ ಹೇಳಿಕೊಡುತ್ತದೆ.