ರೊಟ್ಟಿ ಕಲಿಯಲು ಹದಿನೆಂಟು ತಿಂಗಳು

ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಮೂರನೆಯದರ ಅಂಚಿನ ತುಂಬಾ ಸೀಳು. ಅದು 2016ರ ನವೆಂಬರ್. ಅಷ್ಟೊತ್ತಿಗೆ ನಾನು ದುಬೈನ ಹೋಟೆಲ್ ಅಡುಗೆಮನೆಗಳಲ್ಲಿ ಎಂಟು ವರ್ಷ ದುಡಿದಿದ್ದೆ. ಇನ್ನೂರು ಜನರ ಊಟವನ್ನು ಒಂದು ನಿಮಿಷ ತಡವಾಗದಂತೆ ಕಳಿಸುವುದು ಗೊತ್ತಿತ್ತು. ತಾಳಿಕೋಟೆ ಹತ್ತಿರದ ನಮ್ಮೂರಲ್ಲಿ, ಆಯಿಯ (ಅಜ್ಜಿಯ) ಒಲೆ ಮುಂದೆ ಕೂತಾಗ ಒಂದು ರೊಟ್ಟಿ ಬರಲಿಲ್ಲ.

ಆಯಿ ಹಿಟ್ಟನ್ನು ಬೆರಳಿಂದ ಉಜ್ಜಿ ನೋಡಿದಳು. "ಇದನ್ನ ಎಲ್ಲಿಂದ ತಂದಿ?" ಅಂದಳು. ಬರುವ ದಾರಿಯಲ್ಲಿ ಅಂಗಡಿಯಲ್ಲಿ ಕೊಂಡ ಪಾಕೀಟು ಅಂದೆ. "ಇದಕ್ಕ ಜಿಗಿ ಇಲ್ಲ ಯವ್ವಾ. ಯಾವಾಗ ಬೀಸಿದ್ದೋ ಏನೋ. ಏಳು, ಜೋಳ ತಗೊಂಡು ಗಿರಣಿಗೆ ಹೋಗಿ ಬಾ."

ಆ ಮಾತು ಕೇಳಿದಾಗ ನನಗೆ ಒಮಾನ್ ದೇಶದ ಮಸ್ಕತ್‌ನ ನಮ್ಮ ಮನೆ ನೆನಪಾಯಿತು. ಅಪ್ಪ ಅಲ್ಲಿ ರುವಿಯ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ನಾನು ಬೆಳೆದದ್ದು ಅಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಕೆಳಗಿನ ಅಂಗಡಿಯಲ್ಲಿ ಅರಬ್ಬಿ. ಅವ್ವ ಅಲ್ಲಿ ಸಿಗುತ್ತಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಮಾಡುತ್ತಿದ್ದಳು. ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು, ತಿಂಗಳುಗಟ್ಟಲೆ ಹಳೆಯದಾದ ಹಿಟ್ಟು. ರೊಟ್ಟಿ ಒಡೆಯುತ್ತಿತ್ತು. ಕೊನೆಗೆ ಗೋದಿ ಹಿಟ್ಟು ಬೆರೆಸಲು ಶುರು ಮಾಡಿದಳು. ತನ್ನ ಕೈಗುಣವೇ ಹೋಯಿತು ಎಂದು ಅವ್ವ ಕೊನೆತನಕ ನಂಬಿದ್ದಳು. ರೊಟ್ಟಿ ಅಂದರೆ ಒಡೆಯುವಂಥದ್ದೇ ಅಂತ ನಾನೂ ತಿಳಿದಿದ್ದೆ. ತಪ್ಪು ಹಿಟ್ಟಿನದು ಎಂದು ಆಯಿ ಹೇಳುವ ಹೊತ್ತಿಗೆ ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿತ್ತು.

ಈಗ ವಿಜಯಪುರದಲ್ಲಿ ನನ್ನದೊಂದು ಊಟದ ಮನೆ ಇದೆ. ಟಿವಿಯಲ್ಲಿ ಕಂಡಿದ್ದೇನೆ ಎಂಬ ಕಾರಣಕ್ಕೆ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ: "ಮೇಡಂ, ಶೆಫ್ ಆಗೋದು ಹೆಂಗ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ 2008ರಲ್ಲಿ ದುಬೈಗೆ ಹೋದೆ. ಅಡುಗೆಮನೆಯಲ್ಲಿ ಎಲ್ಲರಿಗಿಂತ ಕೆಳಗಿನ ಕೆಲಸ. ದಿನಕ್ಕೆ ಎರಡು ಮೂಟೆ ಉಳ್ಳಾಗಡ್ಡಿ ಹೆಚ್ಚುವುದು, ಸೊಪ್ಪು ತೊಳೆಯುವುದು. ಆಮೇಲೆ ಸಲಾಡಿನ ವಿಭಾಗ. ಹೆಣ್ಣುಮಕ್ಕಳು ಕೇಕು, ಸಿಹಿ ಮಾಡಲಿ, ಬೆಂಕಿ ಮುಂದಿನ ಕೆಲಸ ಬೇಡ ಎಂದು ಅಲ್ಲಿನ ಹಿರಿಯರೊಬ್ಬರು ಹೇಳಿದರು. ನನಗೆ ಬೇಕಾದದ್ದು ಬೆಂಕಿಯೇ. ಡ್ಯೂಟಿ ಮುಗಿದ ಮೇಲೆ ದಿನಾ ಎರಡು ತಾಸು ಆ ಕಡೆ ಹೋಗಿ ನಿಂತೆ. ಸಂಬಳ ಇಲ್ಲ. ಆರು ತಿಂಗಳಾದ ಮೇಲೆ ಅಲ್ಲಿ ಒಬ್ಬರು ಕೆಲಸ ಬಿಟ್ಟರು, ಅವರ ಜಾಗ ನನಗೆ ಬಂತು. ಆ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೂರಿ ಹಿಡಿಯುವುದು, ಚೊಕ್ಕಟತನ, ಸಮಯ ಮೂರನ್ನೂ ಅಲ್ಲಿ ಕಲಿತೆ. ಅದು ಯಾವ ಊರಲ್ಲಾದರೂ ಬೇಕು.

ನನ್ನ ದಾರಿ ತಿರುಗಿದ್ದು ಒಂದು ಪೇಪರ್ ಸುದ್ದಿಯಿಂದ. 2009ರ ನವೆಂಬರ್ 24. ನಮ್ಮ ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಅಮೆರಿಕದ ಅಧ್ಯಕ್ಷ ಒಬಾಮ ಶ್ವೇತಭವನದಲ್ಲಿ ಔತಣ ಕೊಟ್ಟರು. ಒಬಾಮ ಕೊಟ್ಟ ಮೊದಲ ಸರ್ಕಾರಿ ಔತಣ ಅದು. ಅಡುಗೆಗೆ ಕರೆಸಿದ್ದು ಮಾರ್ಕಸ್ ಸ್ಯಾಮ್ಯುಯೆಲ್ಸನ್ ಎಂಬ ಶೆಫ್‌ನನ್ನು. ಊಟದ ಪಟ್ಟಿಯಲ್ಲಿ ಬದನೆಕಾಯಿ ಆಲೂಗಡ್ಡೆ ಸಲಾಡ್ ಇತ್ತು, ಮಸೂರ ಬೇಳೆ ಸೂಪ್ ಇತ್ತು, ಬೆಂಡೆಕಾಯಿ ಇತ್ತು. ಬದನೆಕಾಯಿ! ನಮ್ಮ ಎಣಗಾಯಿಯ ಬದನೆಕಾಯಿ ಅಂಥ ಕಡೆ ಮೊದಲ ತಟ್ಟೆಯಲ್ಲಿ ಹೋಗಬಹುದು ಎಂದು ನಾನು ಕನಸಿನಲ್ಲೂ ಯೋಚಿಸಿರಲಿಲ್ಲ. ಸಿಂಗ್ ಅವರು ಸಸ್ಯಾಹಾರಿಯಾಗಿದ್ದರು. ಬಂದವರು ಏನು ಉಣ್ಣುತ್ತಾರೆ ಎಂದು ನೋಡಿ ಮಾರ್ಕಸ್ ಅಡುಗೆ ಕಟ್ಟಿದ್ದ.

ಆಮೇಲೆ ಆತನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹುಟ್ಟಿದ್ದು ಇಥಿಯೋಪಿಯಾದಲ್ಲಿ. ಆಗಿನ ಹೆಸರು ಕಸ್ಸಾಹುನ್. ಕ್ಷಯರೋಗದಿಂದ ತಾಯಿ ತೀರಿದಾಗ ತೀರಾ ಚಿಕ್ಕವನು. ಅವನನ್ನೂ ಅಕ್ಕನನ್ನೂ ಸ್ವೀಡನ್‌ನ ಗೋಥೆನ್‌ಬರ್ಗ್‌ನ ದಂಪತಿ ದತ್ತು ತಗೊಂಡರು. ಅಡುಗೆಯ ಮೊದಲ ಪಾಠ ಅಲ್ಲಿನ ಅಜ್ಜಿ ಹೆಲ್ಗಾ ಹತ್ತಿರ. ಆಮೇಲೆ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಕೊನೆಗೆ ನ್ಯೂಯಾರ್ಕ್. ಅಲ್ಲಿ ಅಕ್ವಾವಿಟ್ ಎಂಬ ಸ್ವೀಡಿಷ್ ಊಟದ ಮನೆಯ ಮುಖ್ಯ ಅಡುಗೆಯವನಾದ. 1995ರಲ್ಲಿ ನ್ಯೂಯಾರ್ಕ್ ಟೈಮ್ಸ್ ಆ ಅಡುಗೆಗೆ ಮೂರು ನಕ್ಷತ್ರ ಕೊಟ್ಟಿತು. ಆಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ. 2003ರಲ್ಲಿ ಅಮೆರಿಕದ ಅಡುಗೆಯವರಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ. 2010ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಂನಲ್ಲಿ ರೆಡ್ ರೂಸ್ಟರ್ ಎಂಬ ಊಟದ ಮನೆ ತೆರೆದ.

ಇಷ್ಟೆಲ್ಲ ಹೆಸರು ಬಂದ ಮೇಲೂ ಆತ ಇಥಿಯೋಪಿಯಾಗೆ ಹೋದ. ಹೆಂಗಸರ ಜೊತೆ ಕೂತು ಅಡುಗೆ ನೋಡಿದ. ಅಲ್ಲಿ ಬೆರ್ಬೆರೆ ಎಂಬ ಖಾರದ ಪುಡಿ ಇದೆ. ಒಣಮೆಣಸಿನಕಾಯಿ, ಮೆಂತ್ಯೆ, ಏಲಕ್ಕಿ, ಇನ್ನೂ ಏನೇನೋ ಹುರಿದು ಕುಟ್ಟಿದ್ದು. ನಮ್ಮ ಮಸಾಲಿ ಖಾರದ ದೂರದ ನೆಂಟ ಅನ್ನಬಹುದು. ತೀರಿಹೋಗಿದ್ದಾನೆ ಎಂದುಕೊಂಡಿದ್ದ ಹೆತ್ತ ತಂದೆ ಬದುಕಿದ್ದಾನೆ ಎಂಬುದೂ ದೊಡ್ಡವನಾದ ಮೇಲೇ ಗೊತ್ತಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಆಯಿ ಬದುಕಿದ್ದಳು. ಅವಳ ಒಲೆ ಮುಂದೆ ನಾನು ಒಂದು ದಿನವೂ ಕೂತು ಕಲಿತಿರಲಿಲ್ಲ. ರಜೆಗೆ ಬಂದಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಸಿಕೊಂಡು ವಿಮಾನ ಹತ್ತುತ್ತಿದ್ದೆ, ಅಷ್ಟೇ. ಆದರೂ ಹೊರಡಲು ಏಳು ವರ್ಷ ಹಿಡಿಯಿತು. ಮನೆಯ ಸಾಲ ತೀರಬೇಕಿತ್ತು.

ಗಿರಣಿಯಿಂದ ಬಂದ ಹಿಟ್ಟು ಇನ್ನೂ ಬೆಚ್ಚಗಿತ್ತು. ಆಯಿ ಎಸರು ಕಾಯಿಸಿ, ಹಿಟ್ಟಿನ ನಡುವೆ ಗುಳಿ ಮಾಡಿ ಹೊಯ್ದಳು. ಮೊದಲು ಕಟ್ಟಿಗೆಯ ಸೌಟು, ಆಮೇಲೆ ಕೈ. ಇಲ್ಲಿ ನನ್ನ ಓದು ಉಪಯೋಗಕ್ಕೆ ಬಂತು. ಗೋದಿಯಲ್ಲಿ ಗ್ಲುಟೆನ್ ಇದೆ, ಅದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಅಂಟು. ನೀರು ಉಗುರುಬೆಚ್ಚಗಿದ್ದರೆ ಎಷ್ಟು ನಾದಿದರೂ ಸೀಳು ತಪ್ಪುವುದಿಲ್ಲ. ಆಯಿಗೆ ಪಿಷ್ಟ ಗೊತ್ತಿಲ್ಲ. "ಎಸರು ಮರಳಬೇಕು" ಎಂಬುದು ಗೊತ್ತು.

ನಾನು ತಕ್ಕಡಿ ತೆಗೆದೆ. ಹನ್ನೊಂದು ದಿನ ಆಯಿಯ ಬೊಗಸೆ ತೂಗಿದೆ, ನೀರು ಅಳೆದೆ. ನೂರು ಗ್ರಾಂ ಹಿಟ್ಟಿಗೆ ಒಂದು ದಿನ 82 ಗ್ರಾಂ ನೀರು, ಇನ್ನೊಂದು ದಿನ 95. ಒಂದೇ ಚೀಲದ ಜೋಳ! ಮೊದಲು ತಲೆಬಿಸಿಯಾಯಿತು. ಆಮೇಲೆ ಪುಸ್ತಕದಲ್ಲಿ ಮತ್ತೊಂದು ಸಾಲು ಸೇರಿಸಿದೆ: ಬೀಸಿ ಎಷ್ಟು ದಿನವಾಯಿತು. ಆಗ ಲೆಕ್ಕ ಕೂಡತೊಡಗಿತು. ಅವತ್ತು ಬೀಸಿದ ಹಿಟ್ಟು ಒಂದು ಥರ ನೀರು ಕುಡಿಯುತ್ತದೆ, ವಾರದ ಹಿಟ್ಟು ಇನ್ನೊಂದು ಥರ. ಹತ್ತು ದಿನ ದಾಟಿದರೆ ಅಂಚು ಒಡೆಯಲು ಶುರು. ಈಗಲೂ ನನ್ನ ಅಡುಗೆಮನೆಯಲ್ಲಿ ಪ್ರತಿ ಡಬ್ಬಿ ಮೇಲೆ ಬೀಸಿಸಿದ ತಾರೀಖು ಬರೆದಿರುತ್ತದೆ. ಕೈ ಅಳತೆಗೆ ಬೆಲೆಯಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕಲಿಯುವವರಿಗೆ "ಹದ ನೋಡಿ ಹಾಕು" ಎಂದು ಸುಮ್ನೆ ಬಿಟ್ಟರೆ ಅರ್ಧ ಜನ ಮೊದಲ ವಾರವೇ ಸೋತು ಹೋಗುತ್ತಾರೆ. ಅಂಕಿ ಕೊಡಬೇಕು. ಆ ಅಂಕಿ ಯಾಕೆ ಬದಲಾಗುತ್ತದೆ ಎಂದೂ ಹೇಳಬೇಕು.

ಬಡಿಯುವುದು ಅದಕ್ಕಿಂತ ಕಷ್ಟ. ಅಂಗೈಯಲ್ಲ, ಬೆರಳುಗಳ ಬುಡ. ಪ್ರತಿ ಪೆಟ್ಟಿಗೂ ರೊಟ್ಟಿ ತಾನೇ ಸ್ವಲ್ಪ ತಿರುಗಬೇಕು. ತಿರುಗದಿದ್ದರೆ ಕೆಳಗೆ ಅಂಟಿದೆ ಎಂದರ್ಥ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು, ಆ ನೀರು ಆರುವ ಮುಂಚೆ ತಿರುವಬೇಕು. ನನ್ನ ರೊಟ್ಟಿ ಪೂರ್ತಿ ಉಬ್ಬಿದ್ದು ಮೂರನೇ ತಿಂಗಳಲ್ಲಿ. ಹದಿನೆಂಟು ತಿಂಗಳು ಅಲ್ಲೇ ಇದ್ದೆ. ಹಿಂಗಾರಿ ಬಿತ್ತನೆ ನೋಡಿದೆ, ಕಪ್ಪು ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೇ ಬಿಳಿಜೋಳ ಬೆಳೆಯುವುದನ್ನು ನೋಡಿದೆ, ಸುಗ್ಗಿ ನೋಡಿದೆ. ನಮ್ಮ ಡೋಣಿ ನದಿಯ ಬಗ್ಗೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಮಾತಿದೆ, ಅಲ್ವಾ? ಅದನ್ನು ಕಣ್ಣಾರೆ ಕಂಡೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಏನೇನಿತ್ತೋ ಅದೇ ಮುಂದೆ ನನ್ನ ಊಟದ ಪಟ್ಟಿಯಾಯಿತು: ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಕಾಳು ಪಲ್ಯ, ಹಸಿ ಉಳ್ಳಾಗಡ್ಡಿ, ಗುರೆಳ್ಳು ಹಿಂಡಿ, ಕೆನೆ ಮೊಸರು.

2018ರ ಮೇನಲ್ಲಿ ವಿಜಯಪುರದ ಸ್ಟೇಷನ್ ರಸ್ತೆ ಕಡೆ ಚಿಕ್ಕ ಜಾಗ ಹಿಡಿದೆ. ಇಪ್ಪತ್ತನಾಲ್ಕು ಜನ ಕೂರಬಹುದು. ರೊಟ್ಟಿ ಬಡಿಯಲು ಊರಿಂದ ಇಬ್ಬರು ಅಕ್ಕಂದಿರು ಬಂದರು. ದುಬೈನಲ್ಲಿ ಮಾಂಸ ಬೇಯಿಸುವವನಿಗೆ ಒಂದು ಸಂಬಳ, ರೊಟ್ಟಿಯವನಿಗೆ ಅದರ ಅರ್ಧ. ನನ್ನಲ್ಲಿ ರೊಟ್ಟಿಯವರಿಗೇ ಎಲ್ಲರಿಗಿಂತ ಜಾಸ್ತಿ ಸಂಬಳ. ಇದು ಮೊದಲ ದಿನದ ತೀರ್ಮಾನ, ಇವತ್ತಿಗೂ ಬದಲಾಗಿಲ್ಲ.

ಹೊರಗೆ ಬೆಳೆದದ್ದು ಏನಕ್ಕೂ ಬರಲಿಲ್ಲವೇ ಎಂದು ಕೇಳುವವರಿದ್ದಾರೆ. ಬಂತು. ಒಮಾನಿನಲ್ಲಿ ಲೂಮಿ ಅಂತ ಒಣಲಿಂಬೆ ಇದೆ. ಲಿಂಬೆಯನ್ನು ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಕುದಿಸಿ, ಗಟ್ಟಿಯಾಗುವವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ಮಸ್ಕತ್‌ನ ಮುತ್ರಾದ ಸೂಕ್‌ನಲ್ಲಿ, ಅಂದರೆ ಪೇಟೆಯಲ್ಲಿ, ಚೀಲಗಟ್ಟಲೆ ಇಟ್ಟಿರುತ್ತಿದ್ದರು. ಒಳಗೆ ಕಪ್ಪಗೆ, ಹುಳಿ ಜೊತೆ ಒಂದು ಹೊಗೆಯಂಥ ವಾಸನೆ. ನಮ್ಮ ಇಂಡಿ ತಾಲ್ಲೂಕು ಲಿಂಬೆಗೆ ಹೆಸರಾದದ್ದು. ದರ ಬಿದ್ದಾಗ ರೈತರು ರಸ್ತೆಗೆ ಸುರಿಯುವುದನ್ನು ನೋಡಿದ್ದೆ. ಅವನ್ನು ಒಣಗಿಸಿದರೆ ಏನಾಗುತ್ತದೆ? ಮೊದಲ ಸಲ ಇಪ್ಪತ್ತು ಕಿಲೋ ಹಾಕಿದೆ, ಆಗಸ್ಟಿನಲ್ಲಿ. ಎಲ್ಲಕ್ಕೂ ಬೂಷ್ಟು ಹಿಡಿಯಿತು, ಒಂದೂ ಉಳಿಯಲಿಲ್ಲ. ಮುಂದಿನ ವರ್ಷ ಫೆಬ್ರವರಿ ಕೊನೆಗೆ ಹಾಕಿದೆ. ನಮ್ಮ ಬಿಸಿಲಿಗೆ ಐದು ವಾರದಲ್ಲಿ ಅಲುಗಾಡಿಸಿದರೆ ಗಿಲಕಿಯಂತೆ ಸದ್ದು ಬರುವಷ್ಟು ಒಣಗಿದವು. ಒಂದನ್ನು ಒಡೆದು ಬೀಜ ತೆಗೆದು (ಬೀಜ ಬಿಟ್ಟರೆ ಕಹಿ) ತೊಗರಿಬ್ಯಾಳಿ ಸಾರಿಗೆ ಹಾಕಿದೆ. ಹುಣಸೆಹಣ್ಣು ಹಾಕಲಿಲ್ಲ. ಆಯಿ ಎರಡು ಸಲ ಹಾಕಿಸಿಕೊಂಡಳು. "ಇದೇನ ಹುಳಿ? ನಾಲಿಗಿ ಮ್ಯಾಲ ನಿಂದರತೈತಿ" ಅಂದಳು. ಈಗ ಆ ಸಾರಿಗೋಸ್ಕರವೇ ಸೋಲಾಪುರದಿಂದ ಬರುವವರಿದ್ದಾರೆ.

2020ರ ಲಾಕ್‌ಡೌನ್‌ನಲ್ಲಿ ಮುಚ್ಚಬೇಕಾಯಿತು. ಆಗ ಖಡಕ್ ರೊಟ್ಟಿ ಕೈ ಹಿಡಿಯಿತು. ಚೆನ್ನಾಗಿ ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ. ಬೆಂಗಳೂರು, ಪುಣೆಗೆ ಕಳಿಸಿದೆವು. ಯಾರ ಸಂಬಳವೂ ನಿಲ್ಲಲಿಲ್ಲ.

ಟಿವಿಯವರು ಬಂದದ್ದು ಆಮೇಲೆ. ಮೊದಲ ಕಾರ್ಯಕ್ರಮದಲ್ಲಿ ನಾದುವ ಭಾಗ ಪೂರ್ತಿ ಕತ್ತರಿಸಿ, ರೊಟ್ಟಿ ಮೂರು ನಿಮಿಷದ ಕೆಲಸ ಎಂಬಂತೆ ತೋರಿಸಿದರು. ಅದನ್ನು ನೋಡಿ ಮಾಡಲು ಹೋದ ಎಷ್ಟೋ ಜನ ಫೋನ್ ಮಾಡಿ, ತಮ್ಮ ಕೈಯೇ ಸರಿಯಿಲ್ಲ ಎಂದರು. ಅವ್ವನ ಮಾತು! ತುಂಬಾ ನೋವಾಯಿತು. ಅಲ್ಲಿಂದ ಯಾರು ಕರೆದರೂ ನನ್ನದು ಒಂದೇ ಷರತ್ತು: ಚಿತ್ರೀಕರಣ ಗಿರಣಿಯಿಂದ ಶುರುವಾಗಬೇಕು. ಎರಡು ಕಡೆ ಆಗಲ್ಲ ಅಂದರು, ಹೋಗಲಿಲ್ಲ.

ಆಯಿಗೆ ಈಗ ಎಂಬತ್ತಾರು. ನನ್ನ ಜೊತೆಗೇ ಇದ್ದಾಳೆ. ಕೈ ನಡುಗುತ್ತದೆ, ರೊಟ್ಟಿ ಬಡಿಯುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೊರಗಿನ ಕಟ್ಟೆ ಮೇಲೆ ಕೂತು ಒಳಗಿನ ಸದ್ದು ಕೇಳುತ್ತಿರುತ್ತಾಳೆ. ಮೊನ್ನೆ ಅಲ್ಲಿಂದಲೇ ಕೂಗಿದಳು: "ಹಿಟ್ಟು ಹಳೇದೈತಿ, ಎಸರು ಇನ್ನೊಂದೀಟ ಹಾಕ್ರಿ." ಡಬ್ಬಿ ನೋಡಿದೆ. ಬೀಸಿಸಿ ಆರು ದಿನವಾಗಿತ್ತು.