ಹಳೇ ಸ್ಪೀಡ್‌ವೇ ಟೊರಾನಾ: ಯಾರ್‍ಯಾರ ಕೈ ದಾಟಿ ಬಂತು?

ನ್ಯೂಜಿಲೆಂಡಿನ ಸ್ಪೀಡ್‌ವೇ ಟ್ರ್ಯಾಕ್‌ಗಳಲ್ಲಿ, ಅಂದರೆ ಅಂಡಾಕಾರದ ಮಣ್ಣಿನ ರೇಸ್ ಟ್ರ್ಯಾಕ್‌ಗಳಲ್ಲಿ, ಓಡಿದ ಹಳೇ ಸಲೂನ್ ಕಾರುಗಳಿಗೆ ಸಾಮಾನ್ಯವಾಗಿ ಮಾಲೀಕರ ದಾಖಲೆ ಸಿಗುವುದಿಲ್ಲ. ಮನೆ ಕಾರಾಗಿದ್ದಾಗಿನ ನೋಂದಣಿ ರೇಸಿಗೆ ಇಳಿದ ಮೇಲೆ ನಿಂತುಹೋಗಿರುತ್ತದೆ. ಆಮೇಲೆ ಎಲ್ಲವೂ ನಗದು, ಬಾಯಿಮಾತು. ನಾನು ಕ್ರೈಸ್ಟ್‌ಚರ್ಚ್‌ನಲ್ಲಿ ಟಿಂಕರಿಂಗ್ ಕೆಲಸ ಮಾಡುವವನು. ನಾನು ಕೊಂಡ ಅಂಥದೊಂದು ಕಾರು, ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯ ಟೊರಾನಾ ಎಲ್‌ಜೆ (1972-74ರ ಮಾದರಿ), ಯಾರ್‍ಯಾರ ಹತ್ತಿರ ಇತ್ತು ಅಂತ ತಿಳಿಯದೆ ಅದಕ್ಕೆ ಬಣ್ಣ ಹೊಡೆಯಲು ಮನಸ್ಸು ಬರಲಿಲ್ಲ.

ಎಂಜಿನ್ ನಂಬರ್ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ರೇಸಿನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಬಾಗಿಲ ಮೇಲಿನ ನಂಬರ್ ಕೂಡ ಕಾರಿನದಲ್ಲ, ಡ್ರೈವರ್‌ನದು. ಅದರ ಜೊತೆಗಿರುವ ಅಕ್ಷರ ಮಾತ್ರ ಊರು ಹೇಳುತ್ತದೆ: ಆರ್ ಅಂದರೆ ರೊಟೊರುವಾ, ಪಿ ಅಂದರೆ ಪಾಮರ್‌ಸ್ಟನ್ ನಾರ್ತ್, ಸಿ ನಮ್ಮ ಕ್ರೈಸ್ಟ್‌ಚರ್ಚ್. ಒಬ್ಬನೇ ಡ್ರೈವರ್ ಒಂದೇ ನಂಬರ್ ಇಟ್ಟುಕೊಂಡು ಎರಡು ಮೂರು ಕಾರು ಓಡಿಸಿರಬಹುದು. ಹಾಗಾಗಿ ನಂಬಬೇಕಾದ್ದು ಬಾಡಿಯನ್ನು, ಕಾರು ಪಲ್ಟಿಯಾದರೆ ಡ್ರೈವರ್‌ನನ್ನು ಕಾಯಲು ಒಳಗೆ ಹಾಕುವ ಪೈಪಿನ ರೋಲ್ ಕೇಜನ್ನು.

ನಾನು ಶುರು ಮಾಡಿದ್ದು ಎಡಗಡೆಯ ಹಿಂದಿನ ಬಾಗಿಲ ಹತ್ತಿರದಿಂದ. ಅದಕ್ಕೆ ಕಾರಣ ಇದೆ. ಇಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ಓಡಿಸುತ್ತಾರೆ, ಗೋಡೆ ಯಾವಾಗಲೂ ಬಲಕ್ಕೆ. ಬಲಗಡೆಯ ತಗಡು ಜಜ್ಜಿಹೋಗಿ ಎಷ್ಟೋ ಸಲ ಬದಲಾಗಿರುತ್ತದೆ, ಎಡಗಡೆಯದು ಉಳಿದಿರುವ ಸಾಧ್ಯತೆ ಜಾಸ್ತಿ. ನೀರು ಹಾಕಿ ವಾಟರ್ ಪೇಪರ್‌ನಿಂದ ಅಂಗೈಯಷ್ಟು ಜಾಗ ನಿಧಾನವಾಗಿ ಉಜ್ಜಿದೆ. ಮೇಲಿನ ಬಿಳಿ ಹೋಯಿತು, ಕಿತ್ತಳೆ ಬಂತು, ಅದರ ಕೆಳಗೆ ಕಡು ನೀಲಿ. ಮರದ ಉಂಗುರದ ಹಾಗೆ ಒಂದರೊಳಗೊಂದು. ಕಿತ್ತಳೆ ಪದರದಲ್ಲಿ ಕೈಯಿಂದ ಬರೆದ ಕಪ್ಪು ಅಂಕಿಯ ಬಾಲ ಕಾಣಿಸಿತು. ಏಳೋ ಒಂಬತ್ತೋ ಅಂತ ಇನ್ನೂ ಸ್ವಲ್ಪ ಉಜ್ಜಿದೆ. ಒಂಬತ್ತು! ಆ ಖುಷಿಯೇ ಬೇರೆ. ಪ್ರತಿ ಪದರವನ್ನೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ, ಒಮ್ಮೆ ಉಜ್ಜಿಹೋದದ್ದು ಮತ್ತೆ ಬರುವುದಿಲ್ಲ.

ಬಣ್ಣ ಮತ್ತು ಅಂಕಿ ಸಿಕ್ಕ ಮೇಲೆ ಪತ್ರಿಕೆ. ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ 'ಪೇಪರ್ಸ್ ಪಾಸ್ಟ್' ತಾಣದಲ್ಲಿ ಕ್ರೈಸ್ಟ್‌ಚರ್ಚ್‌ನ 'ದಿ ಪ್ರೆಸ್' 1980ರ ದಶಕದವರೆಗೂ ಉಚಿತವಾಗಿ ಸಿಗುತ್ತದೆ. ಅದಕ್ಕೆ ಭಾನುವಾರದ ಸಂಚಿಕೆ ಇರಲಿಲ್ಲ, ಹಾಗಾಗಿ ಶನಿವಾರ ರಾತ್ರಿಯ ಫಲಿತಾಂಶಕ್ಕೆ ಸೋಮವಾರದ ಪುಟ ನೋಡಬೇಕು. ಡ್ರೈವರ್ ಹೆಸರು ಹಾಕಿ ಹುಡುಕಿದರೆ ಸ್ಕ್ಯಾನ್‌ನಲ್ಲಿ ಅಕ್ಷರ ಕೆಟ್ಟು ಕೈಕೊಡುತ್ತದೆ. ಟ್ರ್ಯಾಕಿನ ಹೆಸರು ಹಾಕಿದರೆ ವಾಸಿ: ರುವಾಪುನಾ, ವುಡ್‌ಫರ್ಡ್ ಗ್ಲೆನ್. ಪತ್ರಿಕೆಯಲ್ಲಿ ಸಿಗುವುದು ಹೆಸರು. ಯಾವ ಹೆಸರಿಗೆ ಯಾವ ನಂಬರ್, ಯಾವ ಕಾರು ಅಂತ ಹೇಳುವುದು ಆ ಕಾಲದ ರೇಸ್ ಪ್ರೋಗ್ರಾಂ ಪುಸ್ತಕ. ಹಳೇ ಪ್ರೇಕ್ಷಕರು ಅವನ್ನು ಪೆಟ್ಟಿಗೆ ತುಂಬ ಇಟ್ಟುಕೊಂಡಿರುತ್ತಾರೆ, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ.

ಹೀಗೆ ಸಿಕ್ಕ ಒಬ್ಬ ಹಿರಿಯ ಡ್ರೈವರ್ ಮನೆಗೆ ಹೋದೆ. ಮೊದಲೇ ಫೋಟೊ ತೋರಿಸಬೇಡಿ, ತೋರಿಸಿದರೆ ಎಲ್ಲರೂ "ಹೌದು, ಇದೇ" ಅಂತಾರೆ. ಸುಮ್ನೆ ಅವರ ಕಾರಿನ ಬಗ್ಗೆ ಕೇಳಿದೆ. "ಕೇಜಿನ ಹಿಂದಿನ ಕಾಲಿಗೆ ನನ್ನ ಭಾವಮೈದುನ ನೀರಿನ ಪೈಪ್ ತುಂಡು ಸೇರಿಸಿ ವೆಲ್ಡ್ ಮಾಡಿದ್ದ, ಬೇರೆ ಪೈಪ್ ಇರಲಿಲ್ಲ" ಅಂದರು. ನನ್ನ ಕಾರಿನಲ್ಲಿ ಆ ತುಂಡು ಇದೆ, ಒಂದು ಕಡೆ ಥ್ರೆಡ್ ಕೂಡ ಹಾಗೇ ಇದೆ. ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಇಸವಿ ಕೇಳುವಾಗ ಒಂದು ಎಚ್ಚರ ಬೇಕು. ಇಲ್ಲಿ ಬೇಸಿಗೆ ಅಂದರೆ ಡಿಸೆಂಬರ್, ಸೀಸನ್ ಎರಡು ವರ್ಷಕ್ಕೆ ಹರಡಿಕೊಳ್ಳುತ್ತದೆ. "79ರಲ್ಲಿ ಮಾರಿದೆ" ಅಂದರೆ 78-79 ಮುಗಿದ ಮೇಲೋ, 79-80 ಶುರುವಾದ ಮೇಲೋ ಅಂತ ಕೇಳಿಕೊಳ್ಳಿ. ಯಾರಿಗೆ ಮಾರಿದಿರಿ ಅನ್ನುವುದರ ಜೊತೆಗೆ, ಮಾರುವಾಗ ಯಾವ ಬಣ್ಣ ಇತ್ತು ಅಂತಲೂ ಕೇಳಿ. ಅವರು ನೀಲಿ ಅಂದರು. ಅಂದರೆ ಕಿತ್ತಳೆ ಬಣ್ಣದ ಮಾಲೀಕರು ಅವರ ನಂತರದವರು. ಈಗ ಆ ಒಂಬತ್ತರ ಹಿಂದೆ ಬಿದ್ದಿದ್ದೇನೆ.