ಕೌದಿ ಅಂಚಿಗೆ ಬಂದಾಗ ಅವಸರ ಮಾಡಬ್ಯಾಡ್ರೆವ್ವಾ

ನಮ್ಮ ಅಕ್ಕಲಕೋಟ ಕಡೆ ಬ್ಯಾಸಿಗಿ ಬಂತಂದ್ರ ಹೆಣ್ಮಕ್ಕಳು ಹಳಿ ಸೀರಿ, ಧೋತರ ತೆಗದು ಕೌದಿಗೆ ಕುಂಡ್ರತಾರ. ನಡುವಿನ ಟಾಕಿ ಎಲ್ಲಾ ಸಾಲ ಹಿಡದು ಸಣ್ಣಗ, ಛಂದಾಗಿ ಹಾಕಿರ್ತಾರ, ಆದ್ರ ಅಂಚಿಗೆ ಬರೋದ್ರಾಗ ಬ್ಯಾಸರ ಬಂದು ಎರಡು ಸಲ ಮಷಿನ್ ಓಡಿಸಿ ಮುಗಿಸಿಬಿಡ್ತಾರ. ಹೊತಗೊಳ್ಳೋವಾಗ ಎಳಿಯೋದು ಅಂಚು ಹಿಡದು, ಒಗದ ಮ್ಯಾಲ ಹಿಂಡೋದೂ ಅದನ್ನ ಹಿಡದು, ಅದಕ್ಕ ಯಾವ ಮನಿ ಕೌದಿ ನೋಡಿದ್ರೂ ಮೊದಲು ಹರಿಯೋದು ಅಂಚs. ನೀವು ನಡುವಿಗೆ ಎಷ್ಟು ಜೀವ ತೇಯ್ದೀರಿ ಅಷ್ಟು ಅಂಚಿಗೂ ಕೊಡ್ರಿ ಅಂತೀನಿ ನಾನು.

ಮೊದಲು ಕೌದಿ ನೆಲದ ಮ್ಯಾಲ ಹಾಸಿ ಒಂದು ಮೂಲಿಯಿಂದ ಎದುರು ಮೂಲಿಗೆ ಟೇಪ್ ಹಿಡೀರಿ, ಆಮ್ಯಾಲ ಇನ್ನೊಂದು ಜೋಡಿ ಮೂಲಿ. ಎರಡೂ ಅಳತಿ ಒಂದೇ ಬಂದ್ರ ಚೊಲೋ, ಇಲ್ಲಾಂದ್ರ ಕೌದಿ ವಾರಿ ಆಗ್ಯದ ಅಂತ ಅರ್ಥ, ಅಂಚು ಕಟ್ಟೋಕಿಂತ ಮೊದಲs ಕತ್ತರಿಸಿ ಸರಿ ಮಾಡ್ರಿ.

ಅಂಚಿಗೆ ಸುತ್ತ ಹಚ್ಚೋ ಪಟ್ಟಿ ಲೆಕ್ಕ ಹೇಳ್ತೀನಿ. 5 ಫೂಟ ಅಗಲ 7 ಫೂಟ ಉದ್ದದ ಕೌದಿಗೆ ಸುತ್ತಳತಿ 24 ಫೂಟ, ಅಂದ್ರ 288 ಇಂಚು, ಮೂಲಿಗೆ ಜೋಡಣಿಗೆ ಅಂತ 300 ಇಂಚು ಹಿಡೀರಿ. ಐದೂವರಿ ಮೀಟರ್ ಸೀರಿಯನ್ನ ಉದ್ದಕ್ಕ ಹರದ್ರ ಎರಡು ಪಟ್ಟಿ ಸಾಕಾಗ್ತದ, ಉಳಿದೂ ಉಳೀತದ. ಅಗಲ 3 ಇಂಚು ಇರ್ಲಿ, ತೆಳ್ಳನ ಕೌದಿಗೆ ಎರಡೂವರಿ ಸಾಕು, ಉದ್ದಕ್ಕ ನಡುವ ಮಡಚಿ ಎರಡು ಪದರ ಮಾಡಿ ಹಚ್ಚರಿ. ಪಟ್ಟಿಗೆ ಪಟ್ಟಿ ಕೂಡಿಸೋವಾಗ ನೇರ ಹೊಲೀಬ್ಯಾಡ್ರಿ, ಓರೆ ಹೊಲೀರಿ, ಆಗ ಗಂಟು ಒಂದs ಕಡೆ ಉಬ್ಬಂಗಿಲ್ಲ. ಇಲಕಲ್ ಸೀರಿದು ಗೋಮಿ ದಡಿ ಇದ್ರಂತೂ ಏನು ಛಂದ ಕಾಣ್ತದ! ದಡಿದಾಗ ರೇಷ್ಮಿ ಇರ್ತದ, ಮೈ ಹತ್ತಿ ಇರ್ತದ, ಹಂಗಾಗಿ ಹೊಲಿಯೋಕಿಂತ ಮುಂಚೆ ತಣ್ಣೀರಾಗ ಒಗದು ಒಣಗಿಸರಿ, ಮತ್ತ ಒದ್ದಿ ಬಿಳಿ ಅರಿವಿ ಮ್ಯಾಲ ಇಟ್ಟು ಇಸ್ತ್ರಿ ಒತ್ತಿ ನೋಡ್ರಿ. ಬಿಳಿ ಅರಿವಿಗೆ ಕೆಂಪು ಹತ್ತಿದ್ರ ಆ ದಡಿ ಈ ಕೌದಿಗೆ ಬ್ಯಾಡ. ಉಪ್ಪು ಹಾಕಿದ್ರ ಬಣ್ಣ ನಿಲ್ತದ ಅಂತಾರ, ನಾನು ಅದನ್ನ ನಂಬಂಗಿಲ್ಲ.

ಮೂಲಿ ಹೊಲಿಯೋದು ಎಲ್ಲಾರಿಗೂ ಕಷ್ಟ. ಮಡಚಿದ ಪಟ್ಟಿದು ಬಿಚ್ಚಿದ ಬದಿ ಕೌದಿ ಮುಂದಿನ ಕಡೆ ಅಂಚಿಗೆ ಕೂಡಿಸಿ, ಅಂಚಿನಿಂದ ಕಾಲಿಂಚು ಬಿಟ್ಟು ಹೊಲ್ಕೋತ ಬಂದ್ರಿ ಅಂದ್ರ ಮೂಲಿಗೂ ಕಾಲಿಂಚು ಇರೋವಾಗ ನಿಲ್ರಿ, ದಾರ ಕಡೀರಿ. ಪಟ್ಟಿನ ಮ್ಯಾಲಕ್ಕ ಓರೆ ಮಡಚರಿ, ಬೆರಳಿಂದ ಒತ್ತರಿ, ಮತ್ತ ಅದನ್ನs ಕೆಳಗ ಇಳಿಸಿ ಹೊಸ ಬದಿಗೆ ಸರಿಯಾಗಿ ಕೂಡಿಸಿ ಅಲ್ಲಿಂದ ಶುರು ಮಾಡ್ರಿ. ಹಿಂದಕ ತಿರುವಿದಾಗ ಮೂಲಿ ತಾನs ಚೂಪಾಗಿ ಕುಂಡ್ರತದ. ಹಿಂದಿನ ಕಡೆ ಮಾತ್ರ ಕೈಲೆ ಹೊಲೀರಿ, ಮೊಳ ಉದ್ದದ ದಾರ ಸಾಕು, ಉದ್ದ ತಗೊಂಡ್ರ ಗಂಟ ಬೀಳ್ತದ. ಕಡೀಕ ಗಂಟು ಹಾಕಿ ಸೂಜಿ ಪದರದೊಳಗ ಹಾಯಿಸಿ ಚೂರು ಜಗ್ಗರಿ, ಗಂಟು ಟಪ್ ಅಂತ ಒಳಗ ಹೋಗ್ತದ, ಹೊರಗಿನ ದಾರ ಆಮ್ಯಾಲ ಕತ್ತರಿಸರಿ.

ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಮಕ್ಕಳು ಅಂಚಿನಿಂದ ಶುರು ಮಾಡಿ ಸುತ್ತ ಹೊಲ್ಕೋತ ನಡುವಿಗೆ ಬರ್ತಾರ, ಮೂಲಿಗೆ ಮಡಚಿದ ತುಂಡು ಅರಿವಿ ಹಚ್ಚಿ ಹೂವು ಮಾಡ್ತಾರ. ಅಂಚು ಮೊದಲ ದಿನಾನs ಆಗಿಬಿಡ್ತದ. ನನಗ ಅದು ಭಾಳ ಶಾಣ್ಯಾತನದ ಪದ್ಧತಿ ಅನಸ್ತದ.

ಹೊಸದಾಗಿ ಕಲಿಯೋರು ದೊಡ್ಡ ಕೌದಿಗೆ ಕೈ ಹಾಕಬ್ಯಾಡ್ರಿ. ಒಲಿ ಮ್ಯಾಲಿಂದ ಪಾತ್ರಿ ಇಳಸೋ ಅರಿವಿ ಹೊಲೀರಿ, 8 ಇಂಚು ಚೌಕ, ಒಳಗ ನಮ್ಮ ಸೊಲ್ಲಾಪುರದ ಹಳಿ ಟಾವೆಲ್ ಎರಡು ಪದರ. ಪೂರ್ತಿ ಹತ್ತೀದs ಇರ್ಬೇಕು, ಪಾಲಿಯೆಸ್ಟರ್ ಬಿಸಿಗೆ ಕರಗಿ ಕೈಗೆ ಅಂಟ್ತದ. ಅದಾದ ಮ್ಯಾಲ ಕೂಸಿನ ಕೌದಿ, 36 ಇಂಚು ಚೌಕ, ಒಗದು ಒಗದು ಮೆತ್ತಗಾದ ಧೋತರ ಒಳಗ ಹಾಕ್ರಿ. ಕೂಸಿಂದಕ್ಕ ಗೊಂಡೆ, ಗುಂಡಿ, ಮಣಿ ಒಂದೂ ಬ್ಯಾಡ, ಬಾಯಾಗ ಹಾಕ್ಕೋತಾವ. ಹಿಂದಿನ ಮೂಲ್ಯಾಗ ಕೂಸಿನ ಹೆಸರು, ಇಸವಿ ಸರಪಳಿ ಹೊಲಿಗಿಲೆ ಹಾಕ್ರಿ, ದೊಡ್ಡವರಾದ ಮ್ಯಾಲ ಅದನ್ನ ಹುಡುಕ್ಕೋತ ಬರ್ತಾರ.

ಒಗದ ಕೌದಿ ಒಂದs ಹಗ್ಗಕ್ಕ ಹಾಕಬ್ಯಾಡ್ರಿ, ನೀರಿನ ಭಾರಕ್ಕ ನಡುವ ಜಗ್ತದ, ಎರಡು ಹಗ್ಗದ ಮ್ಯಾಲ ಹರವಿ ನೆರಳಾಗ ಒಣಗಿಸರಿ. ಪ್ಲಾಸ್ಟಿಕ್ ಚೀಲದಾಗ ತುಂಬಿ ಇಟ್ರ ಒಳಗ ಬೂಸರ ಹಿಡೀತದ, ಹಳಿ ಧೋತರದಾಗ ಸುತ್ತಿ ಬೇವಿನ ಒಣ ಎಲಿ ಹಾಕಿ ಇಡ್ರಿ, ನಡುನಡುವ ಬಿಚ್ಚಿ ಮಡತಿ ಬ್ಯಾರೆ ಕಡೆ ಬೀಳೋಹಂಗ ಮಡಚರಿ, ಒಂದs ಕಡೆ ಮಡಚಿದ್ರ ಅರಿವಿ ಅಲ್ಲೇ ಸವದು ಹರೀತದ.